ಹವ್ಯಾಸಕ್ಕೆಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡು ಮಾರುವುದು: ಕೆಎ ನಂಬರೋ, ಡಿಎಲ್ ನಂಬರೋ?

ನಾಲ್ಕನೇ ಬ್ಲಾಕ್

ಎಲ್ಲರಿಗೂ ನಮಸ್ಕಾರ. ಇಲ್ಲಿನ ಚರ್ಚೆಗಳನ್ನು ಬಹಳ ದಿನಗಳಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಮನೆಯ ಓಡಾಟಕ್ಕೆ ಒಂದು ಹ್ಯಾಚ್‌ಬ್ಯಾಕ್ ಇದೆ, ಅದನ್ನು ಬದಲಿಸುವ ಯೋಚನೆಯಿಲ್ಲ. ಅದರ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಹತ್ತು ಹನ್ನೆರಡು ವರ್ಷ ಹಳೆಯ ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಒಂದೆರಡು ವರ್ಷ ಭಾನುವಾರದ ಬೆಳಗಿನ ಹೊತ್ತು ಓಡಿಸಿ, ಕೈ ಸುಟ್ಟುಕೊಳ್ಳದೆ ಮಾರಿ, ಅದೇ ಹಣದಲ್ಲಿ ಮತ್ತೊಂದನ್ನು ಕೊಳ್ಳಬೇಕೆಂಬುದು ನನ್ನ ಆಸೆ. ಲಾಭ ಮಾಡುವ ಉದ್ದೇಶವಿಲ್ಲ. ಆದರೆ ಪ್ರತಿಸಲವೂ ನಾಲ್ಕೈದು ಲಕ್ಷ ಕರಗಿದರೆ ಈ ಹವ್ಯಾಸ ಎರಡನೇ ಕಾರಿಗೇ ನಿಂತುಹೋಗುತ್ತದೆ.

ಸದ್ಯಕ್ಕೆ ಕಣ್ಣಿಟ್ಟಿರುವುದು 2013ರ ಆಡಿ ಟಿಟಿ, ಅದೇ ಕಾಲದ ಬಿಎಂಡಬ್ಲ್ಯು ಝಡ್4, ಮತ್ತು ಸಿಕ್ಕರೆ ಒಂದು ಪೋರ್ಷೆ ಬಾಕ್ಸ್‌ಸ್ಟರ್ 987. ಎರಡು ಟಿಟಿಗಳು ಈಗಾಗಲೇ ಕೈಗೆಟಕುವಂತಿವೆ. ಒಂದು ನಮ್ಮ ಕೆಎ ನಂಬರಿನದು. ಇನ್ನೊಂದು ದೆಹಲಿಯದು, ಸುಮಾರು ಐದು ಲಕ್ಷ ಅಗ್ಗ, ಬಣ್ಣವೂ ನನಗೆ ಹೆಚ್ಚು ಇಷ್ಟ. "ನಂಬರ್ ಹಾಗೇ ಇರಲಿ ಸರ್, ಇಲ್ಲಿ ಯಾರೂ ಕೇಳುವುದಿಲ್ಲ, ಸಹಿ ಮಾಡಿದ ಫಾರಂ ಕೊಡಿಸುತ್ತೇನೆ" ಎಂದು ಬ್ರೋಕರ್ ಹೇಳುತ್ತಿದ್ದಾರೆ. ಈ ದಾರಿಯಲ್ಲಿ ಆಗಲೇ ನಡೆದಿರುವವರು ದಯವಿಟ್ಟು ತಿಳಿಸಿ: ಇವೆರಡರಲ್ಲಿ ಯಾವುದು ನಿಜವಾಗಿಯೂ ಅಗ್ಗ, ಮತ್ತು ಕೊಳ್ಳುವ ಮುನ್ನ ಏನೇನು ನೋಡಬೇಕು?

ಹಳೇ ಗೇರು

ಸ್ವಾಗತ ಸರ್. ಪ್ರಶ್ನೆ ಚೆನ್ನಾಗಿದೆ, ಆದರೆ ಕಾರುಗಳ ಹೆಸರನ್ನು ಮೊದಲು ಬರೆದು ನಂಬರಿನ ಮಾತನ್ನು ಕೊನೆಗೆ ತಂದಿದ್ದೀರಿ. ನಮ್ಮ ರಾಜ್ಯದಲ್ಲಿ ಇದನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು ತಿರುಗಿಸಿ ಲೆಕ್ಕ ಹಾಕುತ್ತಾರೆ. ಯಾವ ರಾಜ್ಯದ ನೋಂದಣಿ, ಎಷ್ಟನೇ ಓನರ್, ಹದಿನೈದು ವರ್ಷ ತುಂಬಲು ಇನ್ನೆಷ್ಟು ಬಾಕಿ ಎಂಬ ಮೂರು ಸಂಗತಿಗಳು ಗೊತ್ತಾದ ಮೇಲಷ್ಟೇ ಎಂಜಿನ್ನಿನ ಮಾತು.

ತೆರಿಗೆಯನ್ನೇ ನೋಡಿ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗಿಂತ ಹೆಚ್ಚು ಬೆಲೆಯ ಖಾಸಗಿ ಕಾರಿಗೆ ಜೀವಿತಾವಧಿ ತೆರಿಗೆ ಶೇ. 18, ಅದರ ಮೇಲಿನ ಸೆಸ್ ಸೇರಿದರೆ ಹೆಚ್ಚು ಕಡಿಮೆ ಶೇ. 20. ಹೊರರಾಜ್ಯದಲ್ಲಿ ಓಡಿದ ಕಾರನ್ನು ಇಲ್ಲಿ ನೋಂದಾಯಿಸುವಾಗಲೂ ಇದೇ ದರ, ಕಾರಿನ ವಯಸ್ಸಿಗೆ ತಕ್ಕಂತೆ ಮೊತ್ತ ಇಳಿಯುತ್ತದೆ ಅಷ್ಟೆ. ಹೊಸಬರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಲೆಕ್ಕ ಹಾಕುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಕಾರು ಶೋರೂಮಿನಿಂದ ಹೊರಬಂದ ದಿನದ ಬೆಲೆಯ ಮೇಲೆ. ಉದಾಹರಣೆಗೆ ಹೊಸದಾಗಿದ್ದಾಗ 50 ಲಕ್ಷ ಇದ್ದ ಕಾರಿಗೆ ಪೂರ್ಣ ತೆರಿಗೆ ಹತ್ತು ಲಕ್ಷದ ಆಸುಪಾಸು. ಹತ್ತು ವರ್ಷ ದಾಟಿದ ಮೇಲೆ ಅದು ಅರ್ಧದಷ್ಟಕ್ಕೆ ಅಥವಾ ಸ್ವಲ್ಪ ಕಡಿಮೆಗೆ ಬರುತ್ತದೆ ಎಂದರೂ ನಾಲ್ಕರಿಂದ ಐದು ಲಕ್ಷ. ನಿಮ್ಮ ಬ್ರೋಕರ್ ಉಳಿತಾಯವೆಂದು ತೋರಿಸುತ್ತಿರುವ ಮೊತ್ತ ಯಾವುದು ಎಂಬುದು ಈಗ ಹೊಳೆದಿರಬಹುದು. ಡಿಎಲ್ ಕಾರು ಅಗ್ಗವಲ್ಲ, ಅದರ ಇಲ್ಲಿನ ತೆರಿಗೆ ಇನ್ನೂ ಪಾವತಿಯಾಗಿಲ್ಲ. ದೆಹಲಿಯಲ್ಲಿ ಕಟ್ಟಿದ್ದ ತೆರಿಗೆಯ ಮರುಪಾವತಿ ಕೇಳಬಹುದೆಂಬ ಮಾತನ್ನು ಬ್ರೋಕರುಗಳು ಧಾರಾಳವಾಗಿ ಹೇಳುತ್ತಾರೆ. ಆ ಹಣವನ್ನು ಲೆಕ್ಕದಲ್ಲಿ ಸೇರಿಸಿಕೊಂಡು ಕಾರು ಕೊಳ್ಳಬೇಡಿ.

ಇದರ ಇನ್ನೊಂದು ಮುಖ ನಿಮಗೆ ಅನುಕೂಲವಾದದ್ದು. ಒಮ್ಮೆ ಇಲ್ಲಿ ಕಟ್ಟಿದ ಜೀವಿತಾವಧಿ ತೆರಿಗೆ ಕಾರಿನೊಂದಿಗೇ ಸಾಗುತ್ತದೆ. ಕೆಎ ಕಾರನ್ನು ಬೆಂಗಳೂರಿನವರು ಮಂಗಳೂರಿನವರಿಗೆ, ಅವರು ಹುಬ್ಬಳ್ಳಿಯವರಿಗೆ ಮಾರಿದರೂ ಪ್ರತಿಸಲ ತಗಲುವುದು ಹೆಸರು ವರ್ಗಾವಣೆಯ ಸಣ್ಣ ಶುಲ್ಕ ಮಾತ್ರ. ಆದ್ದರಿಂದಲೇ ಇಲ್ಲಿ ಹಳೆಯ ಸ್ಪೋರ್ಟ್ಸ್ ಕಾರುಗಳ ಪುಟ್ಟ ವಲಯವೊಂದು ಒಳಗೊಳಗೇ ಕೈ ಬದಲಿಸಿಕೊಂಡು ನಡೆಯುತ್ತಿದೆ. ಒಳ್ಳೆಯ ಕೆಎ ಕಾರು ಜಾಹೀರಾತಿನ ತನಕ ಬರುವುದೇ ಅಪರೂಪ.

ಇನ್ನು ವಯಸ್ಸು. ನೀವು ಹೇಳಿದ ಮೂರೂ ವಿದೇಶದಲ್ಲೇ ಪೂರ್ತಿ ತಯಾರಾಗಿ ಬಂದವು. ಹದಿನೈದು ವರ್ಷ ತುಂಬಿದಾಗ ಆರ್‌ಸಿ ನವೀಕರಿಸಬೇಕು, ಆಮೇಲೆ ಐದೈದು ವರ್ಷಕ್ಕೊಮ್ಮೆ. 2022ರ ಏಪ್ರಿಲ್‌ನಿಂದ ಸಾಮಾನ್ಯ ಕಾರಿನ ನವೀಕರಣಕ್ಕೆ 5,000 ರೂಪಾಯಿಯಾದರೆ ಆಮದು ಕಾರಿಗೆ 40,000. ಇಪ್ಪತ್ತು ವರ್ಷ ದಾಟಿದ ಆಮದು ಕಾರಿಗೆ 2025ರ ಆಗಸ್ಟ್‌ನಲ್ಲಿ ಅದನ್ನು 80,000ಕ್ಕೆ ಏರಿಸಿದ್ದಾರೆ. ಶುಲ್ಕಕ್ಕಿಂತ ಹೆಚ್ಚಾಗಿ ಕೊಳ್ಳುವವರ ಮನಸ್ಸು ಹಿಂಜರಿಯುತ್ತದೆ. ಹದಿನಾಲ್ಕನೇ ವರ್ಷದಲ್ಲಿರುವ ಕಾರನ್ನು ನೋಡಲು ಬಂದವರು ಮೊದಲು ಕೇಳುವುದೇ "ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವಾಗ?" ಎಂದು. ಹತ್ತು ಅಥವಾ ಹನ್ನೊಂದನೇ ವರ್ಷದಲ್ಲಿ ಕೊಂಡು ಹದಿಮೂರಕ್ಕೆ ಮುಂಚೆ ಮಾರುವುದು ಒಂದು ದಾರಿ. ನವೀಕರಣ ಮುಗಿದು ಎಲ್ಲ ಕಾಗದವೂ ಹೊಸದಾಗಿರುವ ಹದಿನಾರು ವರ್ಷದ ಕಾರನ್ನು ಕೊಳ್ಳುವುದು ಇನ್ನೊಂದು, ಮತ್ತು ನನ್ನ ಅಭಿಪ್ರಾಯದಲ್ಲಿ ಅದೇ ಮೇಲು. ನಡುವಿನ ಹದಿನಾಲ್ಕು ಹದಿನೈದರ ಕಾರುಗಳನ್ನು ಚೌಕಾಸಿಗೆ ಮಾತ್ರ ಇಟ್ಟುಕೊಳ್ಳಿ.

ಚಾರ್ಮಾಡಿ

ಹಳೇ ಗೇರು ಅವರ ಲೆಕ್ಕವನ್ನು ಒಪ್ಪುತ್ತೇನೆ, ಆದರೂ ಉತ್ತರದ ಕಾರುಗಳನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲವೆನಿಸುತ್ತದೆ. ದೆಹಲಿ ವಲಯದಲ್ಲಿ ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರುಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿನ ಮಾಲೀಕರು ಹನ್ನೆರಡನೇ ವರ್ಷಕ್ಕೇ ಮಾರಲು ಮುಂದಾಗತೊಡಗಿದರು. ಕಡಿಮೆ ಓಡಿದ, ಮನೆಯೊಳಗೆ ನಿಲ್ಲಿಸಿಟ್ಟ ಕಾರುಗಳು ಅಲ್ಲಿ ಸಿಗುವಷ್ಟು ನಮ್ಮಲ್ಲಿ ಸಿಗುವುದಿಲ್ಲ. ಅಲ್ಲದೆ ಕೆಲವು ಮಾದರಿಗಳಿಗೆ ಆಯ್ಕೆಯೇ ಇಲ್ಲ. ಫೋಕ್ಸ್‌ವ್ಯಾಗನ್ ಪೋಲೋ ಜಿಟಿಐ 2016ರಲ್ಲಿ ಬಂದಾಗ ಇಡೀ ದೇಶಕ್ಕೆ ಮೀಸಲಿಟ್ಟಿದ್ದು 99 ಕಾರುಗಳು. ಅದು ಬೇಕೆಂದವರು ಎಲ್ಲಿ ಸಿಕ್ಕಿತೋ ಅಲ್ಲೇ ಕೊಳ್ಳಬೇಕು. ಕಾರು ನಿಜವಾಗಿಯೂ ಅಪರೂಪದ್ದಾಗಿದ್ದರೆ ತೆರಿಗೆಯನ್ನು ಅದರ ಬೆಲೆಯ ಭಾಗವೆಂದೇ ಭಾವಿಸಿ ಕಟ್ಟಿ ತರಬಹುದು. ಟಿಟಿಯಂತಹ, ಹುಡುಕಿದರೆ ಸಿಗುವ ಕಾರಿಗೆ ಈ ಮಾತು ಅನ್ವಯಿಸುವುದಿಲ್ಲವೆನ್ನಿ.

ನಂಬರ್ ಬದಲಿಸದೆ ಓಡಿಸುವ ವಿಷಯದಲ್ಲೂ ವಾಸ್ತವವನ್ನು ಹೇಳಬೇಕು. ಪುದುಚೇರಿ, ಜಾರ್ಖಂಡ್ ನಂಬರುಗಳ ಕಾರುಗಳು ನಮ್ಮ ನಗರದಲ್ಲಿ ವರ್ಷಗಟ್ಟಲೆ ಓಡಾಡಿದ್ದನ್ನು ಎಲ್ಲರೂ ಕಂಡಿದ್ದೇವೆ.

ಕರಿಕೋಟು

ಓಡಾಡಿದ್ದನ್ನು ಕಂಡಿದ್ದೇವೆ, ನಿಂತದ್ದನ್ನೂ ಕಂಡಿದ್ದೇವೆ. 2025ರ ಫೆಬ್ರವರಿ ಮೊದಲ ವಾರದಲ್ಲಿ ಸಾರಿಗೆ ಇಲಾಖೆಯವರು ಬೆಂಗಳೂರಿನಲ್ಲಿ ತೆರಿಗೆ ಕಟ್ಟದ 30 ಐಷಾರಾಮಿ ಕಾರುಗಳನ್ನು ವಶಕ್ಕೆ ತೆಗೆದುಕೊಂಡರು. ಅದೇ ವರ್ಷದ ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಫೆರಾರಿಯೊಂದರ ಮಾಲೀಕರು 1.4 ಕೋಟಿ ರೂಪಾಯಿಗೂ ಹೆಚ್ಚು ತೆರಿಗೆಯನ್ನು ಒಂದೇ ಕಂತಿನಲ್ಲಿ ಕಟ್ಟಬೇಕಾಯಿತು. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹೊರರಾಜ್ಯದ ವಾಹನ ಹನ್ನೆರಡು ತಿಂಗಳು ಮೀರಿ ಇಲ್ಲಿ ಉಳಿದರೆ ಇಲ್ಲಿನ ನೋಂದಣಿ ಸಂಖ್ಯೆ ಪಡೆಯಲೇಬೇಕು. ಹವ್ಯಾಸಿಗಳಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ನೀವು ತೆರಿಗೆ ತಪ್ಪಿಸಿಕೊಂಡು ಎರಡು ವರ್ಷ ಓಡಿಸಿದರೂ, ಮಾರುವ ದಿನ ಎದುರಿಗೆ ಕೂತವರು ಆ ತೆರಿಗೆಯನ್ನು ನಿಮ್ಮ ಬೆಲೆಯಿಂದಲೇ ಕಳೆಯುತ್ತಾರೆ.

"ಸಹಿ ಮಾಡಿದ ಫಾರಂ" ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಈ ವಲಯದಲ್ಲಿ ಅತಿ ಹೆಚ್ಚು ತೊಂದರೆ ಹುಟ್ಟುವುದು ಅಲ್ಲಿಂದಲೇ. ಹೆಸರು ವರ್ಗಾವಣೆಯ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿಸಿಕೊಂಡು, ಕೊಳ್ಳುವವರ ಹೆಸರಿನ ಜಾಗವನ್ನು ಖಾಲಿ ಬಿಟ್ಟು, ಆರ್‌ಸಿಯಲ್ಲಿ ಓನರ್ ಸಂಖ್ಯೆ ಏರದಂತೆ ಕಾರನ್ನು ಕೈಯಿಂದ ಕೈಗೆ ದಾಟಿಸುವುದು ಹಳೆಯ ರೂಢಿ. 50ನೇ ಕಲಮಿನಂತೆ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕು. 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ ಕಾರು ಹೆಸರು ವರ್ಗಾವಣೆಯಾಗದೆ ಹಲವರ ಕೈ ದಾಟಿ ಹೋಗಿ, ಕೊನೆಯವರ ಬಳಿಯಿದ್ದಾಗ ಅಪಘಾತ ನಡೆದಿತ್ತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದ್ದೇ ಎಂದು ನ್ಯಾಯಾಲಯ ಹೇಳಿತು. ಮಾರಿ ವರ್ಷವೆರಡು ಕಳೆದಿದ್ದರೂ ಮೊದಲ ಮಾಲೀಕರಿಗೆ ಬಿಡುಗಡೆ ಸಿಗಲಿಲ್ಲ. ಮುನ್ನೂರು ಅಶ್ವಶಕ್ತಿಯ ಕಾರನ್ನು ಅಪರಿಚಿತರ ಕೈಗೆ ಕೊಡುವವರು ಈ ತೀರ್ಪನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಕೊಳ್ಳುವ ಕಡೆಯಿಂದ ಮೂರು ಕಾಗದಗಳನ್ನು ಕೇಳಿ. ಆರ್‌ಟಿಒದಿಂದ ಬಿ-ಎಕ್ಸ್‌ಟ್ರಾಕ್ಟ್ ತೆಗೆಸಿದರೆ ಯಾವ ದಿನ ಯಾರ ಹೆಸರಿಗೆ ಆಯಿತು, ಸಾಲ ಇತ್ತೇ, ತೀರಿತೇ ಎಂಬುದು ಪೂರ್ತಿ ಸಿಗುತ್ತದೆ. ಆರ್‌ಸಿ ಕಾರ್ಡಿನಲ್ಲಿ ಅಷ್ಟು ವಿವರವಿರುವುದಿಲ್ಲ. ಬಾಕಿ ದಂಡಗಳ ಪಟ್ಟಿ ಎರಡನೆಯದು. ಕಾರು ಮೊದಲು ಮಾರಾಟವಾದಾಗಿನ ಇನ್‌ವಾಯ್ಸ್ ಪ್ರತಿ ಮೂರನೆಯದು. ಹೊರರಾಜ್ಯದ ಕಾರಾದರೆ ಈ ಮೂರನೆಯದಿಲ್ಲದೆ ತೆರಿಗೆಯ ಲೆಕ್ಕವೇ ನಿಲ್ಲುತ್ತದೆ.

ಗ್ಯಾರೇಜಿನವನು

ಕಾಗದದ ಮಾತು ಮುಗಿದಿದ್ದರೆ ಕಬ್ಬಿಣದ ಮಾತು ಆಡೋಣ. ಟಿಟಿಯಲ್ಲಿ ಕಬ್ಬಿಣವೂ ಪೂರ್ತಿ ಇಲ್ಲ. 8ಜೆ ಎಂದು ಕರೆಯುವ ಆ ಎರಡನೇ ತಲೆಮಾರಿನ ಟಿಟಿಯ ಬಾಡಿಯಲ್ಲಿ ಶೇ. 69ರಷ್ಟು ಅಲ್ಯೂಮಿನಿಯಂ, ಉಳಿದದ್ದು ಉಕ್ಕು. ಆದ್ದರಿಂದ ಆಯಸ್ಕಾಂತ ಹಿಡಿದುಕೊಂಡು ಬಂದು ಪುಟ್ಟಿ ಪತ್ತೆ ಹಚ್ಚುವ ಹಳೆಯ ಉಪಾಯ ಇದರ ಮುಂದೆ ನಡೆಯುವುದಿಲ್ಲ. ಎರಡೂ ಲೋಹಗಳನ್ನು ಓದುವ ಪೇಂಟ್ ಮೀಟರ್ ಬೇಕು. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪವಿರುತ್ತದೆ. 250 ತೋರಿಸಿದರೆ ಮತ್ತೆ ಬಣ್ಣ ಹೊಡೆದಿದ್ದಾರೆ ಎಂದರ್ಥ, ಅದೊಂದೇ ಕಾರಣಕ್ಕೆ ಕಾರನ್ನು ಬಿಡಬೇಕಿಲ್ಲ. 500, 600 ಬಂದರೆ ಒಳಗೆ ಪುಟ್ಟಿ ತುಂಬಿದ್ದಾರೆ. ಅಲ್ಯೂಮಿನಿಯಂ ಭಾಗದಲ್ಲಿ ಹಾಗೆ ಬಂದರೆ ಬಿಟ್ಟುಬಿಡಿ. ಆ ಲೋಹವನ್ನು ಸರಿಯಾಗಿ ಟಿಂಕರಿಂಗ್ ಮಾಡುವ ಕೈ ನಮ್ಮಲ್ಲಿ ಬಹಳ ಕಡಿಮೆ.

ಓಡಿದ ಕಿಲೋಮೀಟರ್ ಸುಳ್ಳೋ ನಿಜವೋ ಎಂದು ತಿಳಿಯಲು ಪೋರ್ಷೆಯಲ್ಲಿ ಒಂದು ಸೊಗಸಾದ ದಾರಿಯಿದೆ. ಅದರ ಎಂಜಿನ್ ಕಂಪ್ಯೂಟರ್, ಎಂಜಿನ್ ಒಟ್ಟು ಎಷ್ಟು ಗಂಟೆ ಓಡಿದೆ ಎಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಮೀಟರ್ 24,000 ಕಿಲೋಮೀಟರ್ ತೋರಿಸಿ, ಕಂಪ್ಯೂಟರ್ 1,000 ಗಂಟೆ ಎಂದರೆ ಸರಾಸರಿ ವೇಗ ಗಂಟೆಗೆ 24; ಬೆಂಗಳೂರಿನ ರಸ್ತೆಗೆ ಅದು ಹೊಂದುತ್ತದೆ. ಅದೇ 24,000ಕ್ಕೆ 2,500 ಗಂಟೆ ಬಂದರೆ ಸರಾಸರಿ ಹತ್ತಕ್ಕಿಂತ ಕಡಿಮೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲೇ ಕಾರಿನ ಸಂಸಾರ ಕಳೆದಿಲ್ಲವಾದರೆ ಮೀಟರಿಗೆ ಯಾರೋ ಕೈ ಹಾಕಿದ್ದಾರೆ. ಎಂಜಿನ್ ಮಿತಿ ಮೀರಿ ತಿರುಗಿದ್ದು ಎಷ್ಟು ಸಲ, ಎಷ್ಟನೇ ಗಂಟೆಯಲ್ಲಿ ಎಂಬುದೂ ಅದೇ ವರದಿಯಲ್ಲಿ ಆರು ಹಂತಗಳಲ್ಲಿ ಇರುತ್ತದೆ. ಮೊದಲೆರಡು ಹಂತಗಳ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ. ಮೇಲಿನ ಹಂತಗಳಲ್ಲಿ ಇತ್ತೀಚಿನ ಗಂಟೆಗಳ ದಾಖಲೆಯಿದ್ದರೆ ಯಾರೋ ತಪ್ಪು ಗೇರಿಗೆ ಎಳೆದಿದ್ದಾರೆ ಎಂದು ತಿಳಿಯಿರಿ.

987 ಬಾಕ್ಸ್‌ಸ್ಟರ್‌ನಲ್ಲೇ ಎರಡು ಬಗೆ. 2009ಕ್ಕೆ ಮುಂಚಿನವುಗಳಲ್ಲಿ ಎಂಜಿನ್ನಿನೊಳಗಿನ ಮಧ್ಯಂತರ ದಂಡವನ್ನು ಹಿಡಿದಿಡುವ ಐಎಂಎಸ್ ಬೇರಿಂಗ್ ಇದೆ. ಅದು ಕೈಕೊಟ್ಟರೆ ಎಂಜಿನ್ ಹೋದಂತೆಯೇ. 2006ರಿಂದ 2008ರವರೆಗಿನವುಗಳಲ್ಲಿ ಅದನ್ನು ದೊಡ್ಡದು ಮಾಡಿದರು, ಒಡೆಯುವುದು ಅಪರೂಪವಾಯಿತು, ಆದರೆ ಬದಲಿಸಬೇಕೆಂದರೆ ಎಂಜಿನ್ನನ್ನೇ ಬಿಚ್ಚಬೇಕು. 2009ರ ಹೊಸ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಹಳೆಯ 3.4 ಲೀಟರ್‌ನಲ್ಲಿ ಸಿಲಿಂಡರ್ ಗೋಡೆಗೆ ಗೀರು ಬೀಳುವ ರೋಗವೂ ಉಂಟು. ಸ್ಪಾರ್ಕ್ ಪ್ಲಗ್ ತೆಗೆದು ಸಣ್ಣ ಕ್ಯಾಮೆರಾ ಇಳಿಸಿ ನೋಡದೆ ಅದನ್ನು ಕೊಳ್ಳಬಾರದು. ಎರಡು ಹೊಗೆಕೊಳವೆಗಳಲ್ಲಿ ಒಂದರ ಒಳಗಷ್ಟೇ ಕಪ್ಪು ಮಸಿ ದಟ್ಟವಾಗಿದ್ದರೆ ಕ್ಯಾಮೆರಾದ ಖರ್ಚೂ ಉಳಿಯಿತು.

ತೆರೆದ ಚಾವಣಿಯ ಕಾರುಗಳ ಶತ್ರು ನಮ್ಮೂರಿನ ಮರಗಳು. ಬಟ್ಟೆಯ ಚಾವಣಿಯ ನೀರು ಹರಿದುಹೋಗಲು ಮೂಲೆಗಳಲ್ಲಿ ಸಣ್ಣ ತೂತುಗಳಿರುತ್ತವೆ. ಹೊಂಗೆಯ ಹೂವು, ಆಕಾಶಮಲ್ಲಿಗೆಯ ಎಲೆ ಬಿದ್ದು ಅವು ಕಟ್ಟಿಕೊಂಡರೆ ಮಳೆನೀರು ಕಾರಿನೊಳಗೆ ಇಳಿದು ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಬಾಕ್ಸ್‌ಸ್ಟರ್‌ನಲ್ಲಿ ಕಳ್ಳತನ ತಡೆಯುವ ಕಂಪ್ಯೂಟರ್ ಇರುವುದು ಸೀಟಿನ ಕೆಳಗೆ. ಅದು ನೆನೆದರೆ ಕೀಲಿಯನ್ನೇ ಗುರುತಿಸುವುದಿಲ್ಲ. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ ನೋಡಿ, ಸೀಟಿನ ಹಳಿಗಳ ಬೋಲ್ಟುಗಳಲ್ಲಿ ತುಕ್ಕಿದೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡುವುದನ್ನು ಮಾತ್ರ ಯಾವ ಕಾರಿಗೂ ಬಿಡಬೇಡಿ. 2022ರ ಸೆಪ್ಟೆಂಬರಿನಲ್ಲಿ ಯಮಲೂರು, ಸರ್ಜಾಪುರ ರಸ್ತೆಯ ಬಡಾವಣೆಗಳಲ್ಲಿ ಮುಳುಗಿದ ದುಬಾರಿ ಕಾರುಗಳು, ಚೆನ್ನೈಯ 2015 ಮತ್ತು 2023ರ ನೆರೆಯಲ್ಲಿ ಮುಳುಗಿದವು, ಎಲ್ಲವೂ ಗುಜರಿಗೆ ಹೋಗಲಿಲ್ಲ. ತೊಳೆದು ಒಣಗಿಸಿದವರು ಬೆಲ್ಟಿನ ಸುರುಳಿಯ ಒಳಗಿನ ಕೆಸರಿನ ಗೆರೆಯನ್ನು ಮರೆತಿರುತ್ತಾರೆ.

ಟಿಟಿಗೆ ಹೇಳಬೇಕಾದದ್ದು ಸ್ವಲ್ಪವೇ. ಗೇರ್‌ಬಾಕ್ಸ್ ಎಣ್ಣೆಯನ್ನು 60,000 ಕಿಲೋಮೀಟರಿಗೆ ಬದಲಿಸಿದ ಬಿಲ್ ಇರಬೇಕು, ನಾಲ್ಕೂ ಚಕ್ರಗಳಿಗೆ ಬಲ ಹಂಚುವ ಹಾಲ್ಡೆಕ್ಸ್ ಕ್ಲಚ್ಚಿನ ಎಣ್ಣೆಯ ಬಿಲ್ಲೂ ಇರಬೇಕು. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡು ಸರಪಳಿ ಅಲುಗಾಡುವ ಸದ್ದು ಬಂದರೆ ಟೈಮಿಂಗ್ ಚೈನಿನ ಟೆನ್ಷನರ್ ಕಡೆ ಅನುಮಾನಪಡಿ. ಝಡ್4 35ಐ ಓಡಿಸಲು ಮೂರರಲ್ಲಿ ಅತ್ಯಂತ ಖುಷಿ ಕೊಡುವ ಕಾರು, ಅದರ ಅಧಿಕ ಒತ್ತಡದ ಪೆಟ್ರೋಲ್ ಪಂಪು, ಇಂಜೆಕ್ಟರು, ವಿದ್ಯುತ್ ವಾಟರ್ ಪಂಪು ಮೂರನ್ನೂ ಒಂದೇ ವರ್ಷದಲ್ಲಿ ಹಾಕಿಸಿದವರಿಗೆ ಮಾತ್ರ ಹಾಗನ್ನಿಸುವುದಿಲ್ಲ.

ಸ್ಯಾನ್ ಹೋಸೆಯಿಂದ

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಇದೇ ಹವ್ಯಾಸ ಎಷ್ಟು ಬೇರೆಯಾಗಿ ನಡೆಯುತ್ತದೆ ಎಂಬುದನ್ನು ಓದುಗರಿಗೆ ತಿಳಿಸಬಹುದೆನಿಸಿತು. ನಮ್ಮಲ್ಲಿ ಬಹುತೇಕರು ಹೆಜ್ಜೆ ಇಡುವುದು ಮಾಜ್ದಾ ಎಂಎಕ್ಸ್-5 ಮಿಯಾಟಾದಿಂದ. 1989ರ ಶಿಕಾಗೋ ಪ್ರದರ್ಶನದಲ್ಲಿ ಬಂದ ಆ ಪುಟ್ಟ ಎರಡು ಸೀಟಿನ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಹಾಗಾಗಿ ಬಿಡಿಭಾಗ, ಮಾಹಿತಿ, ಕೊಳ್ಳುವವರು ಯಾವುದಕ್ಕೂ ಕೊರತೆಯಿಲ್ಲ, ಮನೆಯ ಮುಂದೆಯೇ ಜ್ಯಾಕ್ ಏರಿಸಿ ಸ್ವತಃ ದುರಸ್ತಿ ಮಾಡಿಕೊಳ್ಳಬಹುದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಈಶಾನ್ಯ ರಾಜ್ಯಗಳ ಕಾರುಗಳು ಬಾಗಿಲ ಕೆಳಗಿನ ಪಟ್ಟಿಯಲ್ಲಿ ತುಕ್ಕು ತಿಂದಿರುತ್ತವೆಯಾದ್ದರಿಂದ ಒಣ ಹವೆಯ ಕ್ಯಾಲಿಫೋರ್ನಿಯಾ ಕಾರಿಗೆ ಹೆಚ್ಚು ಬೆಲೆ. 1990 ಮತ್ತು 1991ರ ಆರಂಭದ 1.6 ಲೀಟರ್ ಎಂಜಿನ್ನುಗಳಲ್ಲಿ ಕ್ರ್ಯಾಂಕ್ ದಂಡದ ಮುಂತುದಿ ಸವೆಯುವ ದೋಷವಿತ್ತು, ಅದನ್ನೊಂದು ನೋಡಿಕೊಳ್ಳಬೇಕು.

ಆದರೆ ನಿಮ್ಮ ಕೆಎ ಕಾರಿಗಿರುವ ಅನುಕೂಲ ನಮಗಿಲ್ಲ. ಇಲ್ಲಿ ಪ್ರತಿ ಕೈ ಬದಲಾವಣೆಯಲ್ಲೂ ಕೊಂಡವರು ಕೊಂಡ ಬೆಲೆಯ ಮೇಲೆ ತೆರಿಗೆ ಕಟ್ಟಬೇಕು. ರಾಜ್ಯದ ಮೂಲ ದರವೇ ಶೇ. 7.25, ಊರೂರಿನ ಹೆಚ್ಚುವರಿ ಸೇರಿ ನಮ್ಮ ಕಡೆ ಒಂಬತ್ತನ್ನು ದಾಟುತ್ತದೆ. ಒಂದೇ ಕಾರು ಐದು ಹವ್ಯಾಸಿಗಳ ಕೈ ದಾಟಿದರೆ ಸರ್ಕಾರಕ್ಕೆ ಐದು ಸಲ ತೆರಿಗೆ. ಹಾಗಾಗಿ ಇಲ್ಲಿ ಬೇಗಬೇಗ ಬದಲಿಸುವವರಿಗೆ ನಷ್ಟ, ನಿಮ್ಮಲ್ಲಿ ರಾಜ್ಯದ ಗಡಿ ದಾಟಿಸುವವರಿಗೆ ನಷ್ಟ. ಮಾರುವವರೇ ಹೊಗೆ ತಪಾಸಣೆ ಮಾಡಿಸಿ 90 ದಿನದೊಳಗಿನ ಪ್ರಮಾಣಪತ್ರ ಕೊಡಬೇಕು, ಮಾರಿದ ಐದು ದಿನದೊಳಗೆ ಹೊಣೆ ಮುಕ್ತಿಯ ಸೂಚನೆಯನ್ನು ಡಿಎಂವಿಗೆ (ಇಲ್ಲಿನ ಸಾರಿಗೆ ಇಲಾಖೆ) ಕಳುಹಿಸಬೇಕು. ಕರಿಕೋಟು ಅವರು ಹೇಳಿದ 14 ದಿನದ ನಿಯಮದ ಕೆಲಸವನ್ನು ಇಲ್ಲಿ ಈ ಒಂದು ಸೂಚನೆ ಮಾಡುತ್ತದೆ, ಮತ್ತು ಅದನ್ನು ಆನ್‌ಲೈನಿನಲ್ಲಿ ಕೂತಲ್ಲೇ ಸಲ್ಲಿಸಬಹುದು.

ನಾಲ್ಕನೇ ಬ್ಲಾಕ್

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಧನ್ಯವಾದ. ಇನ್ನೊಂದು ಸಂಶಯ. ಅಕಸ್ಮಾತ್ ಕೊಂಡದ್ದಕ್ಕಿಂತ ಹೆಚ್ಚಿಗೆ ಮಾರಾಟವಾದರೆ ಆ ಹಣಕ್ಕೆ ತೆರಿಗೆಯಿದೆಯೇ? ಹಳೆಯ ಕಾರುಗಳ ಮೇಲೆ ಶೇ. 18 ಜಿಎಸ್‌ಟಿ ಬಂದಿದೆ ಎಂದು ಓದಿದ ನೆನಪು.

ಜಮಾಖರ್ಚು

2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿಎಸ್‌ಟಿ ಮಂಡಳಿ ತೀರ್ಮಾನಿಸಿದ್ದು ನೋಂದಾಯಿತ ವ್ಯಾಪಾರಿಗಳ ಬಗ್ಗೆ. ಅವರೂ ಕಟ್ಟುವುದು ಪೂರ್ತಿ ಬೆಲೆಯ ಮೇಲಲ್ಲ, ಕೊಂಡ ಮತ್ತು ಮಾರಿದ ಬೆಲೆಗಳ ನಡುವಿನ ಲಾಭದ ಮೇಲೆ. ದೊಡ್ಡ ಎಂಜಿನ್ನಿನ ಕಾರುಗಳಿಗೆ ಶೇ. 18 ಮೊದಲೇ ಇತ್ತು, ಆ ಸಭೆಯಲ್ಲಿ ಉಳಿದವನ್ನೂ ಅದೇ ದರಕ್ಕೆ ತಂದರು. ನೋಂದಣಿಯಿಲ್ಲದ ವ್ಯಕ್ತಿ ತನ್ನ ಸ್ವಂತ ಕಾರನ್ನು ಮತ್ತೊಬ್ಬ ವ್ಯಕ್ತಿಗೆ ಮಾರಿದರೆ ಜಿಎಸ್‌ಟಿ ಇಲ್ಲ.

ಆದಾಯ ತೆರಿಗೆಯ ವಿಷಯ ಇನ್ನಷ್ಟು ಸೂಕ್ಷ್ಮ. ಸ್ವಂತ ಬಳಕೆಯ ಕಾರನ್ನು ಬಂಡವಾಳ ಆಸ್ತಿ ಎಂದು ಪರಿಗಣಿಸುವುದಿಲ್ಲ, ಅದರ ಮಾರಾಟದ ಲಾಭಕ್ಕೆ ತೆರಿಗೆಯಿಲ್ಲ, ನಷ್ಟವನ್ನು ಎಲ್ಲಿಯೂ ತೋರಿಸಿಕೊಳ್ಳಲೂ ಆಗುವುದಿಲ್ಲ. ಒಬ್ಬರು ತಮ್ಮ ಹೆಸರಿಗೆ ಮಾಡಿಸಿ, ವಿಮೆ ಮಾಡಿಸಿ, ಎರಡು ವರ್ಷ ಓಡಿಸಿ ಮಾರಿದರೆ ಅದು ಬಳಕೆ. ಅದೇ ವರ್ಷಕ್ಕೆ ನಾಲ್ಕೈದು ಕಾರುಗಳು ಬಂದು ಹೋದರೆ, ಹೆಸರಿಗೂ ಮಾಡಿಸಿಕೊಳ್ಳದೆ ದಾಟಿಸಿದರೆ, ಹವ್ಯಾಸವೆಂಬ ಮಾತನ್ನು ಅಧಿಕಾರಿ ನಂಬಬೇಕಿಲ್ಲ. ಅದು ವ್ಯವಹಾರದ ಆದಾಯ. ಸಾರಿಗೆ ಇಲಾಖೆಯ ಕಡೆಯಿಂದಲೂ 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರ ಮಾಡುವವರಿಗೆ ಪ್ರತ್ಯೇಕ ಅಧಿಕಾರಪತ್ರದ ನಿಯಮ ಬಂದಿದೆ. ನೀವು ಹೇಳಿದ ರೀತಿಯಲ್ಲಿ ಒಂದು ಕಾರನ್ನು ಇಟ್ಟುಕೊಂಡು, ಮಾರಿ, ಇನ್ನೊಂದನ್ನು ತಂದರೆ ಇವು ಯಾವುವೂ ನಿಮ್ಮ ಹತ್ತಿರ ಸುಳಿಯುವುದಿಲ್ಲ. ಒಂದನ್ನು ಮಾತ್ರ ಬಿಡದೆ ಪಾಲಿಸಿ: 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ, ಎಷ್ಟೇ ಒಳ್ಳೆಯ ಗಿರಾಕಿ ಬಂದರೂ ಬ್ಯಾಂಕಿನ ಮೂಲಕವೇ ಹಣ ಬರಲಿ.

ಮೈಸೂರಿನ ಟಿಟಿ

ಎಲ್ಲರೂ ಕೊಳ್ಳುವುದನ್ನೇ ಹೇಳಿದ್ದಾರೆ, ಮಾರುವವಳ ಕಡೆಯಿಂದ ನಾನು ಬರೆಯುತ್ತೇನೆ. ಇಂತಹ ಕಾರನ್ನು ಕೊಳ್ಳುವವರು ಹತ್ತಾರು ಜನ, ನೋಡಲು ಬರುವವರು ನೂರಾರು. ಫೋನಿನಲ್ಲಿ "ಕೊನೆಯ ಬೆಲೆ ಹೇಳಿ" ಎನ್ನುವವರನ್ನು ಬಿಡಿ; ಸರ್ವಿಸ್ ಬಿಲ್ಲುಗಳನ್ನು ಕಳುಹಿಸಿ ಎಂದು ಕೇಳುವವರನ್ನು ಮನೆಗೆ ಕರೆಯಿರಿ. ನಾನು ಬಿಲ್ಲುಗಳನ್ನು ತಾರೀಖಿನ ಪ್ರಕಾರ ಒಂದು ಫೈಲಿನಲ್ಲಿಟ್ಟು ಮೊದಲ ಪುಟದಲ್ಲಿ ಕಾರಿನ ಕುಂದುಗಳನ್ನೇ ಬರೆದಿಟ್ಟಿರುತ್ತೇನೆ: ಎಡಗಡೆಯ ಚಕ್ರದ ಗೀರು, ಕೆಲಸ ಮಾಡದ ಪಾರ್ಕಿಂಗ್ ಸೆನ್ಸರ್, ರಸ್ತೆಯ ಉಬ್ಬಿಗೆ ತಗುಲಿದ ಮುಂದಿನ ಬಂಪರಿನ ತುಟಿ. ನೋಡಲು ಬಂದವರು ತಾವೇ ಹುಡುಕಿ ಹಿಡಿದ ಪ್ರತಿ ಕುಂದಿಗೂ ಇಪ್ಪತ್ತು ಸಾವಿರ ಕಳೆಯುತ್ತಾರೆ, ನಾವೇ ಬರೆದುಕೊಟ್ಟದ್ದಕ್ಕೆ ಅಷ್ಟು ಕಳೆಯುವುದಿಲ್ಲ.

ಟೈರುಗಳನ್ನು ಮಾರುವ ಮುನ್ನ ಬದಲಿಸಬೇಕೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ಅದನ್ನು ಕೊಳ್ಳುವವರೂ ಓದಬಲ್ಲರು, ಬೆಲೆಯಲ್ಲಿ ಸರಿಹೊಂದಿಸಿಕೊಳ್ಳಲಿ. ನೀವು ಹಾಕಿಸಿದ ಕಂಪನಿಯ ಟೈರು ಅವರಿಗೆ ಹಿಡಿಸಬೇಕೆಂದಿಲ್ಲ. ಕಪ್ಪು ಚಕ್ರ, ಗದ್ದಲದ ಸೈಲೆನ್ಸರು, ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಮಾರ್ಪಾಡು) ಇವುಗಳಿಗೆ ಹಾಕಿದ ಹಣವಂತೂ ಮರಳುವುದಿಲ್ಲ. ಕಂಪನಿಯ ಮೂಲ ಭಾಗಗಳನ್ನು ಅಟ್ಟದ ಮೇಲೆ ಇಟ್ಟಿದ್ದರೆ ಅವು ಮರಳಿಸಿಕೊಡುತ್ತವೆ.

ಟೆಸ್ಟ್ ಡ್ರೈವ್ ಕೊಡುವಾಗ ಚಾಲನಾ ಪರವಾನಗಿಯ ಫೋಟೋ ತೆಗೆದುಕೊಂಡು, ಮೊದಲ ಅರ್ಧ ದಾರಿ ನಾನೇ ಓಡಿಸುತ್ತೇನೆ. ವಿಮೆಯ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ನಮಗೆ ಸೇರಿದ್ದು ಎಂಬುದನ್ನು ಮಾರುವವರಲ್ಲಿ ಅನೇಕರು ಮರೆಯುತ್ತಾರೆ. ಅದರ ಪತ್ರ ಪಡೆದುಕೊಂಡರೆ ಮುಂದಿನ ಕಾರಿನ ಸ್ವಂತ ಹಾನಿ ವಿಮೆಯ ಕಂತಿನಲ್ಲಿ ಗರಿಷ್ಠ ಅರ್ಧದವರೆಗೆ ಉಳಿಯುತ್ತದೆ. ದುಬಾರಿ ಕಾರುಗಳಲ್ಲಿ ಅದು ಸಣ್ಣ ಮೊತ್ತವಲ್ಲ.

ಚಾರ್ಮಾಡಿ

ಮೂಲ ಭಾಗಗಳ ಮಾತಿಗೆ ನನ್ನದೂ ಒಂದು ಸೇರ್ಪಡೆ. ಅಪರೂಪ ಎಂಬುದೊಂದೇ ಬೆಲೆ ತರುವುದಿಲ್ಲ ಎನ್ನುವುದಕ್ಕೆ ಸ್ಯಾನ್ ಸ್ಟಾರ್ಮ್ ಸಾಕ್ಷಿ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ದೇಶದಲ್ಲೇ ತಯಾರಾದ, ಫೈಬರ್ ಬಾಡಿಯ, ರೆನೋದ 1.2 ಲೀಟರ್ ಎಂಜಿನ್ನಿನ ಎರಡು ಸೀಟಿನ ಕಾರು ಅದು. ಬಾಡಿಗೆ ತುಕ್ಕಿನ ಭಯವಿಲ್ಲ, ಆದರೆ ಅದರ ಒಂದು ಗಾಜು ಒಡೆದರೆ ಬೆಂಗಳೂರಿನ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯ ಈ ತುದಿಯಿಂದ ಆ ತುದಿಯವರೆಗೆ ನಡೆದರೂ ಸಿಗುವುದಿಲ್ಲ.

ನಾಲ್ಕನೇ ಬ್ಲಾಕ್

ದೆಹಲಿಯ ಕಾರನ್ನು ಬಿಟ್ಟಿದ್ದೇನೆ. ಕೆಎ ಟಿಟಿಯ ಬಿ-ಎಕ್ಸ್‌ಟ್ರಾಕ್ಟ್ ಇಂದು ಕೈಗೆ ಬಂತು. ಎರಡನೇ ಓನರ್ ಎಂದು ಹೇಳಿದ್ದರು, ದಾಖಲೆಯೂ ಹಾಗೇ ಇದೆ. ಆದರೆ ಮೊದಲ ಮಾಲೀಕರು ಮಾಡಿದ್ದ ಸಾಲದ ನಮೂದು ಬಹಳ ಹಿಂದೆ ರದ್ದಾಗಿದ್ದರೂ, ಎರಡನೆಯವರು ಕೊಂಡಾಗ ಮಾಡಿದ ಸಾಲದ ನಮೂದು ಈಗಲೂ ಹಾಗೆಯೇ ಉಳಿದಿದೆ. ಸಾಲ ತೀರಿ ವರ್ಷಗಳಾದವು, ತೆಗೆಸುವುದನ್ನು ಮರೆತಿದ್ದೇವೆ ಎನ್ನುತ್ತಾರೆ. ಟೋಕನ್ ಕೊಡಬಹುದೇ?

ಕರಿಕೋಟು

ಸಣ್ಣ ಮೊತ್ತದ ಟೋಕನ್ ಕೊಡಿ, ರಸೀದಿಯಲ್ಲಿ ಕಾರಿನ ಚಾಸಿ ಸಂಖ್ಯೆಯನ್ನೂ "ಸಾಲದ ನಮೂದು ರದ್ದಾಗದಿದ್ದರೆ ಪೂರ್ತಿ ಹಿಂತಿರುಗಿಸಬೇಕು" ಎಂಬ ಷರತ್ತನ್ನೂ ಬರೆಸಿ. ಬ್ಯಾಂಕಿನ ಸಾಲ ತೀರಿಕೆಯ ಪತ್ರ ಮತ್ತು ನಮೂದು ತೆಗೆಸಲು ಬ್ಯಾಂಕ್ ಸಹಿ ಮಾಡಿದ ಫಾರಂ 35 ಮಾಲೀಕರೇ ತರಲಿ. ನಮೂದು ರದ್ದಾದದ್ದನ್ನು ಸರ್ಕಾರದ ವಾಹನ್ ಪೋರ್ಟಲಿನಲ್ಲಿ ನೀವೇ ನೋಡಿದ ಮೇಲೆ ಉಳಿದ ಹಣ.

ಹಳೇ ಗೇರು

2013ರ ಯಾವ ತಿಂಗಳ ನೋಂದಣಿ ಎಂದು ನೋಡಿಕೊಂಡಿರಾ? ಹದಿನೈದು ವರ್ಷದ ಲೆಕ್ಕ ಆ ದಿನದಿಂದಲೇ ಶುರು. ವರ್ಷದ ಕೊನೆಯದಾದರೆ ಮಾರುವಾಗ ನಿಮಗೆ ಕೆಲವು ತಿಂಗಳು ಹೆಚ್ಚು ಸಿಗುತ್ತವೆ.

ನಾಲ್ಕನೇ ಬ್ಲಾಕ್

ನವೆಂಬರ್ ಸರ್. ಮಾಲೀಕರು ಶನಿವಾರ ಕಾರು ತರಲು ಒಪ್ಪಿದ್ದಾರೆ. ಗ್ಯಾರೇಜಿನವರು ಬಿಡುವಾಗಿದ್ದರೆ ಅವರ ಲಿಫ್ಟಿನ ಮೇಲೇ ನೋಡಬಹುದಿತ್ತು.

ಗ್ಯಾರೇಜಿನವನು

ಎಂಟು ಗಂಟೆಗೆ ಬನ್ನಿ, ಲಿಫ್ಟ್ ಖಾಲಿ ಇರುತ್ತದೆ. ಕಾರನ್ನು ಶುಕ್ರವಾರ ರಾತ್ರಿಯೇ ಇಲ್ಲಿ ತಂದು ಬಿಡಲು ಮಾಲೀಕರನ್ನು ಕೇಳಿ ನೋಡಿ. ಓಡಿಸಿಕೊಂಡು ಬಂದ ಬಿಸಿ ಎಂಜಿನ್ನಿನಲ್ಲಿ ಚೈನಿನ ಸದ್ದು ಕೇಳಿಸುವುದಿಲ್ಲ.